ಒನ್‌ವೇ ಅಣ್ಣಾರು

ಹೊಸಪೇಟೆಯ ಯಾವ ಓಣಿಯ ಮೂಲೆಗೆ ಹೋದರೂ ಒಬ್ಬ ಒನ್‌ವೇ ಅಣ್ಣಾರು ಸಿಕ್ಕೇ ಸಿಗುತ್ತಾರೆ. ಅವರು ಪೊಲೀಸರಲ್ಲ, ನಗರಸಭೆಯವರೂ ಅಲ್ಲ. ಸಂಬಳವಿಲ್ಲ, ರಜೆಯೂ ಇಲ್ಲ. ಚಹಾದಂಗಡಿಯ ಕಟ್ಟೆಯೇ ಕಚೇರಿ, ಬಲಗೈಯೇ ಸಿಗ್ನಲ್ಲು.

“ಏ ತಮ್ಮಾ, ಎತ್ಲಾಗ ಹೊಂಟಿ? ಬೋರ್ಡ್ ಕಾಣಂಗಿಲ್ಲೇನು?”

ತಮ್ಮನಿಗೆ ಕಾಣುವುದಾದರೂ ಹೇಗೆ? ಕೆಂಪು ದುಂಡು, ನಡುವೆ ಬಿಳಿ ಪಟ್ಟಿ ಇರುವ ಬೋರ್ಡಿನ ಮೇಲೆ ಯಾರೋ ಯುವ ನಾಯಕನ ಹುಟ್ಟುಹಬ್ಬದ ಫ್ಲೆಕ್ಸು ನೇತಾಡುತ್ತಿದೆ. ಪ್ರವೇಶವಿಲ್ಲದ ಜಾಗದಲ್ಲಿ ನಿಂತು ಆತ ಕೈಮುಗಿದು ಎಲ್ಲರನ್ನೂ ಸ್ವಾಗತಿಸುತ್ತಿದ್ದಾನೆ.

2021ರಲ್ಲಿ ವಿಜಯನಗರ ಜಿಲ್ಲೆಯಾಗಿ, ಊರು ಜಿಲ್ಲಾ ಕೇಂದ್ರವಾದ ಮೇಲೆ ಅಣ್ಣಾರ ಜವಾಬ್ದಾರಿ ದುಪ್ಪಟ್ಟಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಅವರಿಗೆ ಬಾಯಿಪಾಠ. ಒಂದು ತಿಂಗಳು ಮೀರದ ಸಂಚಾರ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು ಎನ್ನುತ್ತದೆ ಅದು. ಆ ಸ್ಥಳೀಯ ಪ್ರಚಾರ ತಾವೇ ಎಂದು ಅಣ್ಣಾರು ನಂಬಿದ್ದಾರೆ.

ಬರೀ ಓಣಿಗಷ್ಟೇ ನಿಲ್ಲುವ ಜ್ಞಾನವಲ್ಲ ಅವರದು. “ಹಂಪಿ ನೋಡ್ರಿ. ಎಂಥಾ ಕಾರಿದ್ರೂ ಗೆಜ್ಜಲ ಮಂಟಪದ ಹತ್ರ ಇಳೀಬೇಕು, ಅಲ್ಲಿಂದ ವಿಠ್ಠಲ ದೇವಸ್ಥಾನಕ್ಕ ಬ್ಯಾಟರಿ ಗಾಡಿ. ಯಾರಾದ್ರೂ ತಕರಾರು ತೆಗೀತಾರಾ?” ಸಂಡೂರಿನ ಮಾತು ಬಂದರೆ, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ ಅದಿರು ಲಾರಿಗಳ ಸಾಲು ಕರಗಿದ್ದೇ ಅಸಲಿ ನೋ ಎಂಟ್ರಿ ಎನ್ನುತ್ತಾರೆ. ಆದರೆ ಅವರು ನಿಜಕ್ಕೂ ಮೆಚ್ಚುವ ಅಧಿಕಾರಿ ತುಂಗಭದ್ರೆ. “ಡ್ಯಾಮಿಂದ ಲಕ್ಷದ ಮ್ಯಾಲೆ ಕ್ಯೂಸೆಕ್ ಬಿಟ್ರ ಕಂಪ್ಲಿ ಸೇತುವೆ ಬಂದ್. ಗಂಗಾವತಿಗೆ ಹೋಗೋರು ಬುಕ್ಕಸಾಗರ, ಕಡೇಬಾಗಿಲು ಸುತ್ತಬೇಕು. ಹೊಳಿ ಮುಂದ ನಿಂತು ‘ಇಲ್ಲೇ ಹತ್ತು ಹೆಜ್ಜಿ, ಬಿಡ್ರಿ’ ಅನ್ನಾಕ ಆಕ್ಕತೇನು?”

ಇಷ್ಟು ಹೇಳುವ ಹೊತ್ತಿಗೆ ಮನೆಯಿಂದ ಫೋನು: ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಬೇಕು. ಅಂಗಡಿ ಇರುವುದು ನೋ ಎಂಟ್ರಿಯ ಒಳಗೆ, ಹತ್ತೇ ಹೆಜ್ಜೆ ದೂರ. ಅಣ್ಣಾರು ಸ್ಕೂಟರ್ ಏರುತ್ತಾರೆ. ಎಡಗಾಲಿನಿಂದ ಬ್ಯಾರಿಕೇಡನ್ನು ಹ್ಯಾಂಡಲ್ ತೂರುವಷ್ಟು ಸರಿಸುತ್ತಾರೆ. ಇಂಜಿನ್ ಬಂದ್ ಮಾಡಿ, ಎರಡೂ ಕಾಲು ನೆಲಕ್ಕೂರಿ ಗಾಡಿಯನ್ನು ತಳ್ಳಿಕೊಂಡು ಹೊರಡುತ್ತಾರೆ. ಹೊಸದಾಗಿ ಬಂದ ಹೋಂ ಗಾರ್ಡ್ ಹುಡುಗ ತಡೆದರೆ ಉತ್ತರ ಸಿದ್ಧವಿದೆ: “ಇಂಜಿನ್ ಬಂದ್ ಐತಪಾ. ಕಾನೂನು ಪ್ರಕಾರ ನಾನೀಗ ಪಾದಚಾರಿ.”

ಒಮ್ಮೆ ಅವರ ಓಣಿಯೇ ಒನ್‌ವೇ ಆಗುತ್ತದೆಂಬ ಸುದ್ದಿ ಹಬ್ಬಿತು. ಅಣ್ಣಾರು ಕೆಂಡಾಮಂಡಲ. “ನಮ್ಮ ಓಣಿ ಯಾಕ? ಇಲ್ಲಿ ವಯಸ್ಸಾದೋರು ಅದಾರ, ಗುಡಿ ಐತಿ, ಹಾಲಿನವ ಬರ್ತಾನ. ಬೇಕಾದ್ರ ಪಕ್ಕದ ಓಣಿ ಮಾಡ್ಲಿ!” ಮನೆಮನೆ ತಿರುಗಿ ಸಹಿ ಹಾಕಿಸಿ ಮನವಿ ಹಿಡಿದು ಹೊರಟರು. ನಗರಸಭೆಯ ಬಾಗಿಲಲ್ಲಿ ಪಕ್ಕದ ಓಣಿಯ ಒನ್‌ವೇ ಅಣ್ಣಾರು ಎದುರಾದರು. ಅವರ ಕೈಯಲ್ಲೂ ಅದೇ ಮನವಿ, ಓಣಿಯ ಹೆಸರು ಮಾತ್ರ ಬೇರೆ. ಒಬ್ಬರು ಒಳಗೆ ಹೋಗಬೇಕು, ಇನ್ನೊಬ್ಬರು ಹೊರಗೆ ಬರಬೇಕು. ಇಬ್ಬರೂ ದಾರಿ ಬಿಡಲಿಲ್ಲ. ಕೊನೆಗೆ ಜವಾನ ಬಂದು ಟ್ರಾಫಿಕ್ ಬಿಡಿಸಿದ.

ನಗಬೇಡಿ, ಅಣ್ಣಾರ ಆತಂಕದಲ್ಲೂ ಹುರುಳಿದೆ. ಒಂದು ಓಣಿಯಿಂದ ತಿರುಗಿಸಿದ ಗಾಡಿಗಳೆಲ್ಲ ಪಕ್ಕದ ಓಣಿಗೇ ನುಗ್ಗಬೇಕು. ಆದ್ದರಿಂದ ಹೇಳುವುದನ್ನು ಆದೇಶ ಹೊರಡುವ ಮೊದಲೇ ಹೇಳಿ. ಹೊರಟ ಮೇಲೆ ಸುತ್ತಿಕೊಂಡೇ ಹೋಗಿ. ಹೊಸಪೇಟೆಯ ಓಣಿ ಎಷ್ಟು ಸುತ್ತಿದರೂ ಮಿರ್ಚಿ ತಣ್ಣಗಾಗುವಷ್ಟು ದೂರವೇನಿಲ್ಲ.