ಹೇಡಿ ಪಾರ್ಟ್ ನಂದೇ

ಹೈದರಾಬಾದಿನಿಂದ ದಸರೆಗೆ ಊರಿಗೆ ಬರುವ ಮನ್ನಳ್ಳಿಯ ಹುಡುಗರು ಸಾಮಾನ್ಯವಾಗಿ ಬಿಸ್ಕತ್ತಿನ ಡಬ್ಬಿ ತರುತ್ತಾರೆ. ಅವರಲ್ಲೊಬ್ಬ ಇಪ್ಪತ್ತು ಮುಖದ ದಾಳ ತರುತ್ತಾನೆ. ಹಿರಿಯರಿಗೆ ಬನ್ನಿ ಕೊಟ್ಟು, ಕಾಲು ಮುಟ್ಟಿ, ಹೋಳಿಗೆ ಉಂಡದ್ದೇ ತಡ, ಮಾಳಿಗೆಯ ಮೇಲೆ ಚಾಪೆ ಹಾಸಿ ಕಾಕಾ, ಮಾವಂದಿರ ಮಕ್ಕಳನ್ನೆಲ್ಲ ಸುತ್ತ ಕೂಡಿಸಿಕೊಳ್ಳುತ್ತಾನೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು. ಒಬ್ಬರು ಕತೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರ ಹಿಡಿದು ಮಾತಾಡಬೇಕು. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಬೀದರಿನಲ್ಲಿ ಇಂಜಿನಿಯರಿಂಗ್ ಓದುವ ಕಾಕಾನ ಮಗಳಿಗೆ ಕತೆ ನಡೆಸುವ ಕೆಲಸ ಒಪ್ಪಿಸಿ ಈ ಸಲ ಇವನು ಆಟಗಾರನಾಗಿ ಕೂತ.

ಪಾತ್ರ ಕಟ್ಟುವಾಗ ಹುಡುಗರ ಆಸೆ ನೋಡಬೇಕು. ಸಾಲಿಯ ಓಟದಲ್ಲಿ ಯಾವಾಗಲೂ ಕಡೆಗೆ ಬರುವವನಿಗೆ ಚುರುಕುತನ 18 ಬೇಕು. ಒಂದು ಕೊಡ ನೀರೆತ್ತಲಾರದವನಿಗೆ ಬಲ 18 ಬೇಕು. ಇವನು ಮಾತ್ರ ತನ್ನ ಪಾತ್ರದ ಗುಣ ಬರೆದ ಹಾಳೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ.

"ನಂದು ಅಡಿಗಿ ಭಟ್ಟ. ಕತ್ತಲ ಅಂದ್ರ ಹೆದರತಾನ, ಕೋಳಿ ಕಂಡ್ರೂ ಹೆದರತಾನ. ಮೈತುಂಬ ಸಾಲ. ಸುಳ್ಳು ಹೇಳಕ್ಕೂ ಬರಂಗಿಲ್ಲ."

"ಮತ್ತ ಏನ್ ಬರ್ತದಣ್ಣ ಅವಗ?"

"ಏನೂ ಬರಂಗಿಲ್ಲ. ಅದೇ ಮಜಾ!"

ಚಕ್ಕುಲಿ ತಂದಿಡುತ್ತಿದ್ದ ಇವನವ್ವ ಇದನ್ನು ಕೇಳಿಸಿಕೊಂಡರು. "ಏ ತಮ್ಮಾ, ಕೈತುಂಬ ಪಗಾರ ತಗೊಂಡು ಸಾಲಗಾರ ಆಗ್ಲಕತ್ತಿಯೇನು? ಆ ಪಾರ್ಟ ನಿಮ್ಮಪ್ಪ ಹುಟ್ಟಾ ಮಾಡ್ಕೋತ ಬಂದಾನ. ಒಬ್ಬರೂ ಚಪ್ಪಾಳಿ ಹೊಡದಿಲ್ಲ."

ಅವ್ವನ ಮಾತಿನಲ್ಲಿ ಆಟದ ಚರಿತ್ರೆಯೇ ಇದೆ: ಕುಂದು ಮೊದಲು ಹಣೆಬರಹ, ಆಮೇಲೆ ಆಯ್ಕೆ. ಮೊದಲಿನ ನಿಯಮದಲ್ಲಿ ಬಲ, ಬುದ್ಧಿ, ಚುರುಕುತನಗಳಿಗೆ ಮೂರು ದಾಳ ಉರುಳಿಸಿ 3ರಿಂದ 18ರೊಳಗೆ ಬಂದದ್ದನ್ನು ಬರೆದುಕೊಳ್ಳಬೇಕಿತ್ತು. ಬಲ ನಾಲ್ಕು ಬಿದ್ದರೆ ನಾಲ್ಕೇ, ಅತ್ತರೂ ಅಷ್ಟೇ. 1986ರಲ್ಲಿ ಸ್ಟೀವ್ ಜಾಕ್ಸನ್ ಗರ್ಪ್ಸ್ ಎಂಬ ಇನ್ನೊಂದು ಆಟ ತಂದರು. ಅದರಲ್ಲಿ ಹೇಡಿತನ, ದುರಾಸೆ, ಕುಡಿತದಂಥ ಕುಂದುಗಳನ್ನು ಪಾತ್ರಕ್ಕೆ ಅಂಟಿಸಿಕೊಂಡರೆ ಅದಕ್ಕೆ ಪ್ರತಿಯಾಗಿ ಅಂಕ ಸಿಗುತ್ತದೆ, ಆ ಅಂಕದಲ್ಲಿ ಬೇರೆ ಶಕ್ತಿ ಕೊಳ್ಳಬಹುದು. ಇಷ್ಟು ಧಾರಾಳ ನಮ್ಮ ಯಾವ ಬ್ಯಾಂಕಿನಲ್ಲೂ ಇಲ್ಲ.

ನಮ್ಮ ಹುಡುಗನಿಗೆ ಆ ಲಾಭವೂ ಬೇಡ. ಇದನ್ನು ವಿನಯ ಎಂದು ತಿಳಿದವರು ಮೋಸ ಹೋದರು. ಊರ ನಾಟಕದ ಪಾತ್ರ ಹಂಚುವಾಗ ಅರ್ಜುನನಿಗಾಗಿ ನಾಲ್ಕು ಮಂದಿ ಜಗಳಾಡುತ್ತಿದ್ದರೆ, ಮೂಲೆಯಲ್ಲಿ ಕೂತು "ನನಗ ಉತ್ತರಕುಮಾರ ಇರಲಿ ಬಿಡ್ರಿ" ಅನ್ನುವವನನ್ನು ನೆನೆಸಿಕೊಳ್ಳಿ. ಅವನಷ್ಟು ಲೆಕ್ಕಾಚಾರದವನು ಆ ತಾಲೀಮಿನಲ್ಲಿ ಇನ್ನೊಬ್ಬನಿಲ್ಲ. ಅಂತಃಪುರದ ಹೆಂಗಸರೆದುರು ಜಂಬ ಕೊಚ್ಚುವುದು, ಕೌರವರ ಸೇನೆ ಕಂಡದ್ದೇ ರಥದಿಂದ ಹಾರಿ ಓಡುವುದು, ಬೃಹನ್ನಳೆ ಹಿಡಿದೆಳೆದಾಗ ಗೋಗರೆಯುವುದು, ಎಲ್ಲ ಇವನದೇ. ಬನ್ನಿ ಮರ ಹತ್ತಿ ಆಯುಧ ಇಳಿಸಿದವನೂ ಇವನೇ. ಯುದ್ಧ ಗೆದ್ದದ್ದು ಅರ್ಜುನ, ನಿಜ. ಮರುದಿನ ಚಹಾದಂಗಡಿಯಲ್ಲಿ ಜನ ನಕಲು ಮಾಡಿ ನಗುವುದು ಯಾರನ್ನು?

ಮಾಳಿಗೆಯ ಮೇಲೂ ಅದೇ ಆಯಿತು. ಗವಿಯ ಬಾಗಿಲಲ್ಲಿ ದಂಡು ನಿಂತಿದೆ. "ನಾ ಒಳಗ ಬರಂಗಿಲ್ರೆಪಾ, ಕತ್ತಲದ" ಎಂದು ಅಡುಗೆ ಭಟ್ಟ ಕೂತೇಬಿಟ್ಟ. ಒಬ್ಬ ಪುಸಲಾಯಿಸಿದ, ಒಬ್ಬ ಬೈದ, ಒಬ್ಬಳು ಮಾಂತ್ರಿಕ ದೀಪ ಹಚ್ಚಿಕೊಟ್ಟಳು. ದೀಪದ ಬೆಳಕಿನಲ್ಲಿ ತನ್ನ ನೆರಳು ಕಂಡು ಇನ್ನಷ್ಟು ಹೆದರಿದ. ಬಲ 18ರ ಹುಡುಗ ಕತ್ತಿ ಹಿರಿದು ನಿಂತವನು ನಿಂತೇ ಇದ್ದ. ಬೇಸತ್ತು ಚಕ್ಕುಲಿಗೆ ಕೈ ಹಾಕಿದ. ಸೋಲುವವನನ್ನು ಸಂಭಾಳಿಸುವುದರಲ್ಲೇ ಗೆಲ್ಲುವವರ ಸರದಿ ಮುಗಿದುಹೋಯಿತು. ಆದರೂ ಒಪ್ಪಬೇಕು, ಹೆಣ್ಣುಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನಿಲ್ಲದಿದ್ದರೆ ಅದು ಬರೀ ಕೂಡಿಸು, ಕಳೆ ಆಗುತ್ತಿತ್ತು.

ಕಡೆಗೆ ರಾಕ್ಷಸ ಬಂದ. ಎಲ್ಲರೂ ಹೊಡೆದು ಹಣ್ಣು ಮಾಡಿದ ಮೇಲೆ ಭಟ್ಟನ ಸರದಿ. ಅವನು ಕಣ್ಣು ಮುಚ್ಚಿ ಸೌಟು ಬೀಸಿದ, ದಾಳ ಉರುಳಿಸಿದ.

ಇಪ್ಪತ್ತು.

ಇಪ್ಪತ್ತು ಬಿದ್ದರೆ ಏಟು ತಪ್ಪುವಂತಿಲ್ಲ, ಪೆಟ್ಟೂ ಇಮ್ಮಡಿ. ರಾಕ್ಷಸ ಉರುಳಿದ. ಹುಡುಗರು ಎದ್ದು ಕುಣಿದರು. ಇವನ ಮುಖ ಮಾತ್ರ ಇಳಿದುಹೋಯಿತು.

"ದಾಳ ಚಾಪಿ ಮಡಿಕಿ ಮ್ಯಾಲ ಬಿದ್ದದ, ಲೆಕ್ಕಕ್ಕಿಲ್ಲ. ಮತ್ತ ಒಗೀತೀನಿ."

"ಬಿಲ್ಕುಲ್ ಇಲ್ಲ," ಅಂದಳು ಕತೆ ನಡೆಸುವವಳು. "ಸಪಾಟಾಗೇ ಬಿದ್ದದ. ನೀ ಗೆದ್ದಿ ಅಣ್ಣ, ಸುಮ್ನ ಕೂಡು. ಊರವರು ನಿನ್ನ ಹೆಗಲ ಮ್ಯಾಲ ಹೊತ್ಕೊಂಡು ಮೆರವಣಿಗಿ ಹೊಂಟಾರ."

ಅವನು ಸ್ವಲ್ಪ ಹೊತ್ತು ದಾಳವನ್ನೇ ದುರುಗುಟ್ಟಿ ನೋಡಿದ. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಹಾಳೆಯಲ್ಲಿ ಕೋಳಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಎತ್ತರ ಅಂದರೆ ತಲೆ ತಿರುಗುತ್ತದೆ.

"ಇಳಸ್ರಿ! ಇಳಸ್ರೋ ನನ್ನ!"