ಟೀವಿ ಭೂಗೋಳ ಶಾಸ್ತ್ರ ಪ್ರವೇಶಿಕೆ

ಅಮೆರಿಕದ ಕಾಲೇಜು ಫುಟ್‌ಬಾಲ್ ಲೋಕದಲ್ಲಿ ‘ಬಿಗ್ ಟೆನ್’ ಎಂಬ ಕಾನ್ಫರೆನ್ಸಿದೆ. ಅದರ ಸದಸ್ಯ ವಿಶ್ವವಿದ್ಯಾಲಯಗಳು 18. ‘ಬಿಗ್ ಟ್ವೆಲ್ವ್’ ಎಂಬುದು ಇನ್ನೊಂದು. ಅದರಲ್ಲಿರುವುದು 16. ಇಂಥ ಎಣಿಕೆ ಇಟ್ಟುಕೊಂಡು ಇವರು ಗಣಿತ ವಿಭಾಗ ಹೇಗೆ ನಡೆಸುತ್ತಾರೋ ಎಂದು ಪಾಮರರು ಮೂಗಿನ ಮೇಲೆ ಬೆರಳಿಡುವುದುಂಟು. ಬೆರಳು ತೆಗೆಯಲಿ. ಇಲ್ಲಿ ಲೆಕ್ಕ ತಪ್ಪಿಲ್ಲ, ಎಣಿಸುತ್ತಿರುವ ವಸ್ತುವೇ ಬೇರೆ. ಆ ವಸ್ತು ಯಾವುದು, ಅದರಿಂದ ಭೂಪಟ ಹೇಗೆ ಬದಲಾಗುತ್ತದೆ ಎಂಬುದನ್ನು ಸೂತ್ರ, ಭಾಷ್ಯ, ಪೂರ್ವಪಕ್ಷ, ಸಿದ್ಧಾಂತಗಳ ಕ್ರಮದಲ್ಲಿ ನಿರೂಪಿಸುವುದು ಈ ಪ್ರವೇಶಿಕೆಯ ಉದ್ದೇಶ. ಅಧಿಕಾರಿ ಯಾರು? ರಿಮೋಟ್ ಹಿಡಿಯಬಲ್ಲ ಸಕಲರೂ.

ಮೊದಲು ಪೀಠಿಕೆ. ಕಾನ್ಫರೆನ್ಸ್ ಎಂದರೆ ವಿದ್ವತ್ಸಭೆಯಲ್ಲ. ತಮ್ಮತಮ್ಮಲ್ಲೇ ಪಂದ್ಯವಾಡುವ ಒಪ್ಪಂದ ಮಾಡಿಕೊಂಡ ವಿಶ್ವವಿದ್ಯಾಲಯಗಳ ಕೂಟ. ಅಲ್ಲಿನ ಫುಟ್‌ಬಾಲ್ ಎಂದರೆ ಶಿರಸ್ತ್ರಾಣ ಧರಿಸಿ, ಮೊಟ್ಟೆಯಾಕಾರದ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು ಓಡುವ ಆಟ. ಹಿಂದೆ ಅಕ್ಕಪಕ್ಕದ ಊರಿನವರು ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಆಡಿ, ರಾತ್ರಿಯೊಳಗೆ ಮನೆ ಸೇರುವಂತೆ ಇಂಥ ಕೂಟಗಳು ಕಟ್ಟಿಕೊಂಡಿದ್ದವು. ಶಾಸ್ತ್ರ ಹುಟ್ಟುವ ಮೊದಲಿನ ಅಜ್ಞಾನಯುಗ ಅದು.

ಸೂತ್ರ 1: ಊರೆಂದರೆ ಮನೆಗಳಲ್ಲ, ಮನೆಯೊಳಗಿನ ಟೀವಿಗಳು.

ಭಾಷ್ಯ: ನೀಲ್ಸನ್ ಎಂಬ ಕಂಪನಿ ಅಮೆರಿಕವನ್ನು 210 ಟೀವಿ ಮಾರುಕಟ್ಟೆಗಳಾಗಿ ಹಂಚಿಟ್ಟಿದೆ. ಪಟ್ಟಿಯ ತಲೆಯಲ್ಲಿ ನ್ಯೂಯಾರ್ಕ್, ಅದರ ಕೆಳಗೆ ಲಾಸ್ ಏಂಜಲೀಸ್. ಬಾಲದಲ್ಲಿ ಮೊಂಟಾನಾ ರಾಜ್ಯದ ಗ್ಲೆಂಡೈವ್, ಕೆಲವೇ ಸಾವಿರ ಟೀವಿಮನೆಗಳ ಪುಟ್ಟ ಊರು. ರಾಜ್ಯ, ಜಿಲ್ಲೆ, ನದಿ, ಪರ್ವತಗಳೆಲ್ಲ ಮಾಯೆ. ಈ 210 ಮಾತ್ರ ಸತ್ಯ. ವಿಶ್ವವಿದ್ಯಾಲಯ ಎಷ್ಟು ನೊಬೆಲ್ ಪಡೆದಿದೆ ಎಂದು ಕೇಳುವವನು ಈ ಶಾಸ್ತ್ರದಲ್ಲಿ ಇನ್ನೂ ಅಕ್ಷರಾಭ್ಯಾಸದ ಹಂತದವನು. ಅದರ ಅಂಗಳದಿಂದ ಎಷ್ಟು ಮನೆಗಳಿಗೆ ಕೇಬಲ್ ಎಳೆದಿದೆ ಎಂದು ಕೇಳುವವನೇ ಪಂಡಿತ.

ಈ ಸತ್ಯ ಒಮ್ಮೆಲೇ ದರ್ಶನವಾದದ್ದಲ್ಲ. 1950ರ ದಶಕದ ಆರಂಭದಿಂದಲೂ ಕಾಲೇಜು ಆಟಗಳ ಪ್ರಸಾರದ ಹಗ್ಗ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿತ್ತು. ಯಾವ ತಂಡವೂ 2 ವರ್ಷಗಳಲ್ಲಿ 6ಕ್ಕಿಂತ ಹೆಚ್ಚು ಸಲ ಟೀವಿಯಲ್ಲಿ ಕಾಣಿಸಿಕೊಳ್ಳುವಂತಿಲ್ಲ ಎಂಬಂಥ ಕಟ್ಟಳೆ ಬೇರೆ. ಜನ ಪರದೆ ನೋಡುತ್ತ ಕೂತರೆ ಕ್ರೀಡಾಂಗಣಕ್ಕೆ ಬರುವವರಾರು ಎಂಬ ಭಯ. 1981ರ ಒಂದು ವಾರಾಂತ್ಯದಲ್ಲಿ ಒಕ್ಲಹೋಮ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಪಂದ್ಯ ಸುಮಾರು 200 ಟೀವಿ ಕೇಂದ್ರಗಳಲ್ಲಿ ಪ್ರಸಾರವಾಯಿತು. ಅದೇ ವಾರಾಂತ್ಯ ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಎಂಬ ಸಣ್ಣ ಕಾಲೇಜುಗಳ ಪಂದ್ಯ 4 ಕೇಂದ್ರಗಳಲ್ಲಿ ಬಂತು. ನಾಲ್ಕೂ ತಂಡಗಳಿಗೆ ಸಂದಾಯವಾದದ್ದು ಒಂದೇ ಮೊತ್ತ. ಇಂಥ ಸಮಪಂಕ್ತಿ ಭೋಜನವನ್ನು ಒಕ್ಲಹೋಮ ಹೇಗೆ ಸಹಿಸೀತು? ಜಾರ್ಜಿಯ ವಿಶ್ವವಿದ್ಯಾಲಯವನ್ನು ಜತೆಗೂಡಿಸಿಕೊಂಡು ಕೋರ್ಟಿಗೆ ಹೋಯಿತು. 1984ರ ಜೂನ್ 27ರಂದು ಸುಪ್ರೀಂ ಕೋರ್ಟ್ 7–2ರಿಂದ ಎನ್‌ಸಿಎಎ ಏಕಸ್ವಾಮ್ಯವನ್ನು ಮುರಿದು ಹಾಕಿತು. ಭಿನ್ನಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಆ ಪೀಠದಲ್ಲಿ ಕಾಲೇಜು ಫುಟ್‌ಬಾಲ್ ಆಡಿ ದೇಶಕ್ಕೆಲ್ಲ ಹೆಸರಾಗಿದ್ದವರು ಅವರೊಬ್ಬರೇ. ಆಟ ಬಲ್ಲವರ ಮಾತು ಆಟದ ವಿಷಯದಲ್ಲಿ ನಡೆಯುವುದಿಲ್ಲ ಎಂಬ ಉಪಸೂತ್ರ ಇಲ್ಲಿಂದಲೇ ನಿಷ್ಪನ್ನವಾಗುತ್ತದೆ.

ತೀರ್ಪು ಬಂದ ಮೇಲೆ ಪ್ರಸಾರದ ಹಕ್ಕು ಮಾರುವ ಅಧಿಕಾರ ವಿಶ್ವವಿದ್ಯಾಲಯಗಳಿಗೂ ಅವುಗಳ ಕೂಟಗಳಿಗೂ ಬಂತು. ಮಾರುವವನಿಗೆ ಸರಕು ಹೆಚ್ಚು ಬೇಕು, ಸರಕೆಂದರೆ ಟೀವಿಮನೆ. 1991ರಿಂದ ನೋಟ್ರ ಡೇಮ್ ವಿಶ್ವವಿದ್ಯಾಲಯ ಎನ್‌ಬಿಸಿಯೊಡನೆ ಒಂಟಿಯಾಗಿಯೇ ಸಂಸಾರ ಹೂಡಿತು. 1992ರ ಹೊತ್ತಿಗೆ ದಕ್ಷಿಣದ ಎಸ್‌ಇಸಿ ಎಂಬ ಕೂಟ ಅರ್ಕನ್ಸಾ ಮತ್ತು ಸೌತ್ ಕ್ಯಾರೊಲಿನಾಗಳನ್ನು ಒಳಕರೆದು 12 ಆಗಿತ್ತು. 12 ಆದರೆ ಎರಡು ಪಂಗಡ ಮಾಡಿ ಕೊನೆಗೊಂದು ಫೈನಲ್ ಆಡಿಸಬಹುದು, ಆ ಫೈನಲನ್ನೂ ಟೀವಿಗೆ ಮಾರಬಹುದು ಎಂಬ ಸಂದು ನಿಯಮಾವಳಿಯಲ್ಲಿತ್ತು. ಟೆಕ್ಸಾಸಿನ ಹಳೆಯ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಕಣ್ಣು ಮುಚ್ಚಿತು. ಇವೆಲ್ಲ ಪೂರ್ವಕಾಂಡ. ಶಾಸ್ತ್ರದ ತಿರುಳಿರುವುದು ಮುಂದಿನ ಸೂತ್ರದಲ್ಲಿ.

ಸೂತ್ರ 2: ನೋಡುವವನು ಭಕ್ತ, ನೋಡದೆ ದುಡ್ಡು ಕೊಡುವವನು ದೇವರು.

ಭಾಷ್ಯ: 2007ರ ಆಗಸ್ಟಿನಲ್ಲಿ ಬಿಗ್ ಟೆನ್ ಕೂಟ ಫಾಕ್ಸ್ ಕಂಪನಿಯ ಪಾಲುದಾರಿಕೆಯಲ್ಲಿ ತನ್ನದೇ ಚಾನೆಲ್ ಶುರು ಮಾಡಿತು. ಕೇಬಲ್‌ನವರು ಪ್ರತಿ ಚಂದಾದಾರನ ತಲೆಯೆಣಿಸಿ ಚಾನೆಲ್ಲಿಗೆ ತಿಂಗಳು ತಿಂಗಳೂ ದುಡ್ಡು ಕಟ್ಟಬೇಕು. ಕೂಟದ ಸದಸ್ಯ ವಿಶ್ವವಿದ್ಯಾಲಯ ಇರುವ ರಾಜ್ಯದಲ್ಲಿ ದರ ಹಲವು ಪಟ್ಟು ಹೆಚ್ಚು, ಹೊರಗೆ ಪುಡಿಗಾಸು. ಚಂದಾದಾರ ಚಾನೆಲ್ ನೋಡಿದನೇ ಇಲ್ಲವೇ ಎಂಬ ಪ್ರಶ್ನೆ ಅಪ್ರಸ್ತುತ. ಇದನ್ನು ಅರಿತ ಕೂಟದ ಕಮಿಷನರ್ ಜಿಮ್ ಡೆಲಾನಿ ಪೂರ್ವಕ್ಕೆ ದೃಷ್ಟಿ ಹಾಯಿಸಿದರು. ಅಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯ ಮಡಿಲಲ್ಲಿ, ನ್ಯೂಜೆರ್ಸಿಯಲ್ಲಿ, ರಟ್ಗರ್ಸ್ ವಿಶ್ವವಿದ್ಯಾಲಯ ಕೂತಿತ್ತು. ವಾಷಿಂಗ್‌ಟನ್, ಬಾಲ್ಟಿಮೋರ್ ಎರಡಕ್ಕೂ ಕೈಚಾಚುವಂತೆ ಮೇರಿಲ್ಯಾಂಡ್ ಕೂತಿತ್ತು. 2012ರ ನವೆಂಬರಿನಲ್ಲಿ ಎರಡಕ್ಕೂ ಕರೆ ಹೋಯಿತು, 2014ರಲ್ಲಿ ಗೃಹಪ್ರವೇಶ. ಮೇರಿಲ್ಯಾಂಡ್ 1953ರಲ್ಲಿ ತಾನೇ ಸೇರಿ ಕಟ್ಟಿದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಿಂದ ಹೊರಬೀಳಲು 3.1 ಕೋಟಿ ಡಾಲರಿಗೂ ಮಿಕ್ಕಿ ದಂಡ ತೆತ್ತಿತು.

ರಟ್ಗರ್ಸ್ ಕುರಿತು ಇಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. ಈ ಶಾಸ್ತ್ರದ ಪರಮೋದಾಹರಣೆ ಅದು. ಮೊಟ್ಟಮೊದಲ ಕಾಲೇಜು ಫುಟ್‌ಬಾಲ್ ಪಂದ್ಯವೆಂದು ಇತಿಹಾಸ ಒಪ್ಪುವುದು 1869ರ ನವೆಂಬರ್ 6ರಂದು ರಟ್ಗರ್ಸ್ ಪ್ರಿನ್ಸ್‌ಟನ್ ಮೇಲೆ 6–4ರಿಂದ ಗೆದ್ದ ಪಂದ್ಯವನ್ನು. ಆಮೇಲಿನ ಚರಿತ್ರೆ ಆ ಎತ್ತರದಲ್ಲಿ ಉಳಿಯಲಿಲ್ಲ ಎನ್ನೋಣ. 2016ರ ಋತುವನ್ನೇ ನೋಡಿ. ಓಹಾಯೋ ಸ್ಟೇಟ್ ಎದುರು 58–0. ಮುಂದಿನ ವಾರ ಸ್ವಂತ ಮೈದಾನದಲ್ಲೇ ಮಿಷಿಗನ್ ಎದುರು 78–0. ಆಮೇಲೆ ಮಿಷಿಗನ್ ಸ್ಟೇಟ್ ಎದುರು 49–0, ಪೆನ್ ಸ್ಟೇಟ್ ಎದುರು 39–0. ಈ 4 ಪಂದ್ಯಗಳನ್ನು ಕೂಡಿಸಿದರೆ ಎದುರಾಳಿಗಳಿಗೆ 224, ರಟ್ಗರ್ಸಿಗೆ ಸೊನ್ನೆ. ಆ ವರ್ಷ ಕೂಟದೊಳಗೆ ಆಡಿದ 9 ಪಂದ್ಯಗಳಲ್ಲಿ 9ನ್ನೂ ಸೋತಿತು. ಪಾಮರ ಇದನ್ನು ಪರಾಭವ ಎಂದಾನು. ಶಾಸ್ತ್ರಜ್ಞ ಕೇಳುವ ಪ್ರಶ್ನೆ ಒಂದೇ: ಮಿಷಿಗನ್ 78ನೆಯ ಅಂಕ ಗಳಿಸಿದ ಕ್ಷಣದಲ್ಲಿ ನ್ಯೂಜೆರ್ಸಿಯ ಒಂದಾದರೂ ಕೇಬಲ್ ಮನೆ ಕಡಿಮೆಯಾಯಿತೇ? ಇಲ್ಲ. ಹಾಗಾದರೆ ಸೋತವರು ಯಾರು?

ಸೋತವರು ಯಾರೆಂಬುದಕ್ಕೆ ಕನ್ನಡದ ಸಾಕ್ಷ್ಯ ಕೊಡಬಹುದು. ರಟ್ಗರ್ಸ್ ಮೈದಾನವಿರುವ ಪಿಸ್ಕಾಟವೇಗೆ ಅಂಟಿಕೊಂಡ ಊರು ಎಡಿಸನ್. ಭಾರತೀಯರು ತುಂಬಿಕೊಂಡಿರುವ ಆ ಊರಿನಲ್ಲಿ ಕನ್ನಡಿಗರ ಮನೆಗಳೂ ಇವೆ. ಅಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಯಜಮಾನಿತಿಗೆ ಸಂಜೆಯ ಧಾರಾವಾಹಿ ತಪ್ಪಬಾರದು. ತಿಂಗಳ ಕೊನೆಗೆ ಬಿಲ್ಲು ಬರುತ್ತದೆ.

“ರೀ, ಇದೇನ್ರೀ, ಮತ್ತೆ ಜಾಸ್ತಿ ಮಾಡಿದಾರೆ?”

“ಎಲ್ಲಾ ಸೇರಿಸಿ ಒಂದೇ ಪ್ಯಾಕು ಕಣೆ. ಬೇಡದ್ದನ್ನ ಬಿಡಿಸಿ ಕೊಡಲ್ಲ ಅವರು.”

ಇಷ್ಟು ಹೇಳಿ ಯಜಮಾನರು ದುಡ್ಡು ಕಟ್ಟುತ್ತಾರೆ. ಆ ಕ್ಷಣವೇ ಅವರು ಅಮೆರಿಕದ ಕಾಲೇಜು ಫುಟ್‌ಬಾಲಿನ ಪೋಷಕರಾದರು. ಮೈದಾನದಲ್ಲಿ ಚಳಿಗೆ ನಡುಗುತ್ತ, ಕೆಂಪು ಅಂಗಿ ತೊಟ್ಟು, ತಂಡ ಸೋತಾಗ ಕಣ್ಣೀರು ಹಾಕುವ ಅಭಿಮಾನಿ ಆ ಲೆಕ್ಕದಲ್ಲಿ ಒಂದೇ ಒಂದು ಮನೆ. ಆಟದ ಹೆಸರೂ ತಿಳಿಯದ ಈ ದಂಪತಿಯೂ ಒಂದು ಮನೆ. ಒಂದು ವ್ಯತ್ಯಾಸವಿದೆ, ಇವರು ಕೋಚ್ ಬದಲಿಸಿ ಎಂದು ಕೂಗುವುದಿಲ್ಲ. ಆದ್ದರಿಂದ ಇವರೇ ಶ್ರೇಷ್ಠರು ಎಂದು ಸೂತ್ರಕಾರರ ಅಭಿಮತ.

ಸೂತ್ರ 3: ಹೆಸರಿಗೂ ಸ್ಥಳಕ್ಕೂ ಸಂಬಂಧವಿಲ್ಲ.

ಭಾಷ್ಯ: ಬಿಗ್ ಈಸ್ಟ್ ಎಂಬ ಪೂರ್ವದ ಕೂಟ ಒಮ್ಮೆ ಪಶ್ಚಿಮದ ಅಂಚಿನ ಸ್ಯಾನ್ ಡಿಯೇಗೋವನ್ನೂ ಬೆಟ್ಟದ ನಾಡಿನ ಬಾಯ್ಸಿಯನ್ನೂ ಫುಟ್‌ಬಾಲಿಗೆ ಕರೆದು ಒಪ್ಪಿಸಿತ್ತು, ಬರುವ ಮೊದಲೇ ಅವು ಹಿಂದೆ ಸರಿದವು. ಹೆಚ್ಚಿನ ಭಾಷ್ಯ ಅನಗತ್ಯ.

ಈಗ ಪೂರ್ವಪಕ್ಷ. “ಅಯ್ಯಾ, ನಿನ್ನ ಶಾಸ್ತ್ರ ನಿಂತಿರುವುದು ಕೇಬಲ್ ಮೇಲೆ. 2011ರ ಸುಮಾರಿಗೆ ಇಎಸ್‌ಪಿಎನ್ ಎಂಬ ಕ್ರೀಡಾ ಚಾನೆಲ್ 10 ಕೋಟಿ ಮನೆಗಳಲ್ಲಿತ್ತು. ಆಮೇಲೆ ಜನ ಕೇಬಲ್ ಕಿತ್ತುಹಾಕಿ ಮೊಬೈಲಿನಲ್ಲಿ ನೋಡತೊಡಗಿದರು. ನೋಡದವನು ದುಡ್ಡು ಕೊಡುವುದನ್ನೇ ಬಿಟ್ಟ. ದೇವರೇ ಇಲ್ಲದ ಮೇಲೆ ಗುಡಿ ಏಕೆ? ಇನ್ನಾದರೂ ಆಯಾ ಪ್ರಾಂತದವರು ಆಯಾ ಪ್ರಾಂತದಲ್ಲೇ ಆಡಿಕೊಂಡಿರಬಹುದಲ್ಲ?”

ಪ್ರಶ್ನೆಯೇನೋ ಸೊಗಸಾಗಿದೆ. ಸಿದ್ಧಾಂತ: ಇಲ್ಲ. ನೋಡದವನು ಕೈಕೊಟ್ಟ ಮೇಲೆ ನೋಡುವವನ ಬೆಲೆ ಏರಿತು. ಟೀವಿಯವರಿಗೆ ಈಗ ದೇಶವೇ ಕೂತು ನೋಡುವಂಥ ದೊಡ್ಡ ಹೆಸರಿನ ಪಂದ್ಯಗಳು ಬೇಕು. ಆ ಹೆಸರುಗಳು ಎಲ್ಲಿದ್ದರೂ ಹುಡುಕಿ ಒಂದೇ ಹಗ್ಗಕ್ಕೆ ಕಟ್ಟಬೇಕು. 2021ರ ಜುಲೈಯಲ್ಲಿ ಟೆಕ್ಸಾಸ್ ಮತ್ತು ಒಕ್ಲಹೋಮ ಎಸ್‌ಇಸಿಗೆ ಹೊರಟವು. (1984ರಲ್ಲಿ ಬೇಲಿ ಮುರಿದ ಅದೇ ಒಕ್ಲಹೋಮ ಎಂಬುದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬೇಕು.) 2022ರ ಜೂನ್ 30ರಂದು ಲಾಸ್ ಏಂಜಲೀಸಿನ ಯುಎಸ್‌ಸಿ, ಯುಸಿಎಲ್‌ಎ ಎರಡೂ ಬಿಗ್ ಟೆನ್ ಕಡೆ ಮುಖ ಮಾಡಿದವು. ಎರಡು ತಿಂಗಳು ತುಂಬುವ ಮೊದಲೇ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳೊಡನೆ 7 ವರ್ಷಕ್ಕೆ 700 ಕೋಟಿ ಡಾಲರಿಗೂ ಹೆಚ್ಚಿನ ಒಪ್ಪಂದ ಸಾರಿತು. ಕಾರಣ, ಕಾರ್ಯ ಎರಡನ್ನೂ ಇಷ್ಟು ಹತ್ತಿರ ಇಟ್ಟು ತೋರಿಸುವ ಸೌಜನ್ಯ ತರ್ಕಶಾಸ್ತ್ರದಲ್ಲೂ ಅಪರೂಪ.

ಸೂತ್ರ 4: ಹೊರಟವನು ನೆರೆಮನೆಯ ಕಡೆ ತಿರುಗಿ ನೋಡಬಾರದು.

ಭಾಷ್ಯ: ಪೆಸಿಫಿಕ್ ತೀರದ ಪ್ಯಾಕ್-12 ಕೂಟದ ಬೇರು 1915ರದು. 2012ರಲ್ಲಿ ಅದು ಬೇರೆಯವರ ಪಾಲುದಾರಿಕೆಯೇ ಬೇಡವೆಂದು ಪೂರ್ತಿ ಸ್ವಂತದ್ದಾದ ಚಾನೆಲ್ ಕಟ್ಟಿತು. ಡೈರೆಕ್‌ಟೀವಿ ಎಂಬ ದೊಡ್ಡ ಉಪಗ್ರಹ ಸೇವೆ ಆ ಚಾನೆಲನ್ನು ಕೊನೆಯತನಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಸ್ವಾಭಿಮಾನಕ್ಕೆ ಚಂದಾದಾರರು ಕಡಿಮೆ. ಲಾಸ್ ಏಂಜಲೀಸಿನ ತನ್ನ ಆ ಇಬ್ಬರು ಸದಸ್ಯರನ್ನು ಕಳೆದುಕೊಂಡ ಮೇಲೆ ಹೊಸ ಪ್ರಸಾರ ಒಪ್ಪಂದಕ್ಕೆ ಹುಡುಕಾಡಿ, ಕೊನೆಗೆ ಆ್ಯಪಲ್ ಕಂಪನಿಯ ಸ್ಟ್ರೀಮಿಂಗ್ ಪ್ರಸ್ತಾವ ಮೇಜಿನ ಮೇಲೆ ಬಂತು. ಅದು ಸದಸ್ಯರ ಗಂಟಲಲ್ಲಿ ಇಳಿಯಲಿಲ್ಲ. 2023ರ ಆಗಸ್ಟ್ 4ರ ಒಂದೇ ದಿನ ಒರೆಗಾನ್, ವಾಷಿಂಗ್‌ಟನ್ ಬಿಗ್ ಟೆನ್‌ಗೆ ಹೋದವು. ಆರಿಜೋನಾ, ಆರಿಜೋನಾ ಸ್ಟೇಟ್, ಯೂಟಾ ಬಿಗ್ ಟ್ವೆಲ್ವ್‌ಗೆ ಹೋದವು. ಪೆಸಿಫಿಕ್ ಗಾಳಿಯಲ್ಲೇ ಬೆಳೆದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಸೆಪ್ಟೆಂಬರ್ 1ರಂದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಕದ ತಟ್ಟಿ ಒಳಸೇರಿದವು, ಅದೂ ಪೂರ್ತಿ ಪಾಲು ಬೇಡ, ಕಾಲುಭಾಗದ ಮೇಲೆ ಒಂದಿಷ್ಟು ಕೊಟ್ಟರೆ ಸಾಕು ಎಂಬ ವಿನಯದಲ್ಲಿ. ಅವರ ಜತೆ ಸೇರಿದ ಡಲ್ಲಾಸಿನ ಎಸ್‌ಎಂಯು ಇನ್ನೂ ವಿನೀತ: 9 ವರ್ಷ ಕೂಟದ ಟೀವಿ ಹಣವೇ ಬೇಡವೆಂದಿತು. ಹೊಸ ಸದಸ್ಯ ಬಂದಾಗಲೆಲ್ಲ ಇಎಸ್‌ಪಿಎನ್ ಒಂದು ಪೂರ್ತಿ ಪಾಲು ಹೆಚ್ಚಿಸಿ ಕೊಡಬೇಕೆಂದು ಒಪ್ಪಂದ. ಬಂದವರು ಬೇಡವೆಂದದ್ದನ್ನು ಹಳಬರು ಹಂಚಿಕೊಂಡರು. ಅತಿಥಿಯೇ ಬಡಿಸಿ ಹೋಗುವ ಈ ಸತ್ಕಾರಕ್ಕೆ ಧರ್ಮಶಾಸ್ತ್ರಗಳಲ್ಲಿ ಹೆಸರಿಲ್ಲ.

ಇನ್ನು ಯುಸಿಎಲ್‌ಎ ಮತ್ತು ಬರ್ಕ್ಲಿ ಒಂದೇ ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಯ ಮಕ್ಕಳು. ತಮ್ಮ ಮನೆ ಬಿಟ್ಟು ಹೋದದ್ದರಿಂದ ಅಣ್ಣನಿಗಾದ ನಷ್ಟಕ್ಕೆ ವರ್ಷಕ್ಕೆ 1 ಕೋಟಿ ಡಾಲರ್ ಕೊಡತಕ್ಕದ್ದು ಎಂದು ಆಡಳಿತ ಮಂಡಳಿ 2024ರಲ್ಲಿ ಪಂಚಾಯಿತಿ ತೀರ್ಮಾನ ಮಾಡಿತು. ವಿಚ್ಛೇದನದ ಜೀವನಾಂಶ ಎಂದು ಪತ್ರಿಕೆಗಳು ಆಡಿಕೊಂಡವು.

ಪ್ರಯೋಗ ಭಾಗ. 2024ರ ಅಕ್ಟೋಬರ್ 25ರ ಶುಕ್ರವಾರ ರಟ್ಗರ್ಸ್ ಹುಡುಗರು ಖಂಡದ ಆ ತುದಿಯಿಂದ ಈ ತುದಿಗೆ ಹಾರಿ, ಲಾಸ್ ಏಂಜಲೀಸಿನಲ್ಲಿ ಯುಎಸ್‌ಸಿ ಎದುರು ಆಡಿದರು. ಅಲ್ಲಿ ರಾತ್ರಿ 8ಕ್ಕೆ ಆಟ ಶುರು. ನ್ಯೂಜೆರ್ಸಿಯ ಗಡಿಯಾರದಲ್ಲಿ 11. ಸೋತದ್ದು 42–20ರಿಂದ. ವಾರದ ಹಿಂದೆಯಷ್ಟೇ ಯುಸಿಎಲ್‌ಎ ಅದೇ ದಾರಿಯನ್ನು ಎದುರು ದಿಕ್ಕಿನಲ್ಲಿ ಸವೆಸಿ ಬಂದು ರಟ್ಗರ್ಸನ್ನು ಸೋಲಿಸಿತ್ತು. ಫುಟ್‌ಬಾಲಿನವರು ಋತುವಿಗೆ ಕೆಲವೇ ಬಾರಿ ಹಾರಿದರೆ ಸಾಕು. ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹೆಣ್ಣುಮಕ್ಕಳು ಮತ್ತೆ ಮತ್ತೆ ಹಾರಬೇಕು. ಪರೀಕ್ಷೆಗೆ ಓದುವುದು ವಿಮಾನ ನಿಲ್ದಾಣದ ಕುರ್ಚಿಯಲ್ಲಿ. ಅವರ ಆಟವನ್ನು ನೋಡಲು ಯಾವ ಟೀವಿಯೂ ಈ ಭೂಪಟ ಬರೆಯಲಿಲ್ಲ. ಈ ವಿಷಯದಲ್ಲಿ ಶಾಸ್ತ್ರ ಮೌನವಾಗಿದೆ, ಭಾಷ್ಯಕಾರನಿಗೆ ಮಾತ್ರ ಸಿಟ್ಟಿದೆ.

ಇನ್ನೊಂದು ಆಕ್ಷೇಪವೂ ಬರಬಹುದು: ಇಷ್ಟೆಲ್ಲ ಕೋಟಿಗಳಲ್ಲಿ ಆಡುವ ಹುಡುಗರ ಪಾಲೆಷ್ಟು? 1984ರಿಂದ ನಾಲ್ಕು ದಶಕ ಕಾಲ ಈ ಟೀವಿ ಹಣದಲ್ಲಿ ಅವರಿಗೆ ಸಂಬಳವೆಂದು ಒಂದು ಡಾಲರೂ ಇರಲಿಲ್ಲ. ವಿದ್ಯಾರ್ಥಿವೇತನವೇ ಭಾಗ್ಯ ಎನ್ನಲಾಗುತ್ತಿತ್ತು. ಕೊನೆಗೂ ಕೋರ್ಟಿನ ರಾಜಿಯಿಂದಾಗಿ 2025ರ ಜುಲೈ 1ರಿಂದ ವಿಶ್ವವಿದ್ಯಾಲಯವೊಂದು ತನ್ನ ಕ್ರೀಡಾಪಟುಗಳಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರಿನವರೆಗೆ ನೇರವಾಗಿ ಹಂಚಬಹುದಾಯಿತು. ಶಾಸ್ತ್ರಕಾರರು ಇದನ್ನು ಖರ್ಚಿನ ಬಾಬ್ತಿನಲ್ಲಿ ಬರೆದುಕೊಂಡು, ಆ ಖರ್ಚು ತುಂಬಲು ಇನ್ನಷ್ಟು ಮಾರುಕಟ್ಟೆ ಬೇಕೆಂದು ಹೇಳುತ್ತಿದ್ದಾರೆ.

ಕೊನೆಗೆ ಪ್ಯಾಕ್-12ರಲ್ಲಿ ಉಳಿದವರು ಇಬ್ಬರು, ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್‌ಟನ್ ಸ್ಟೇಟ್. ಆಟ ಕೆಟ್ಟದ್ದೆಂದು ಅವರನ್ನು ಯಾರೂ ಬಿಟ್ಟದ್ದಲ್ಲ. ಕೊರ್ವಾಲಿಸ್, ಪುಲ್‌ಮನ್ ಎಂಬ ಅವರ ಊರುಗಳು ಸಣ್ಣವು, ಅಷ್ಟೇ. ಇಬ್ಬರೂ ಸೇರಿ ಕೂಟದ ಹೆಸರು ಉಳಿಸಿಕೊಂಡು, ಬಾಯ್ಸಿ, ಸ್ಯಾನ್ ಡಿಯೇಗೋ, ಫ್ರೆಸ್ನೊಗಳಿಂದ ಹೊಸಬರನ್ನು ಕರೆತಂದರು. ಫುಟ್‌ಬಾಲಿಗೆ ಕನಿಷ್ಠ 8 ಸದಸ್ಯರು ಬೇಕೆಂಬ ನಿಯಮಕ್ಕೆ ಒಬ್ಬರು ಕಡಿಮೆ ಬಿದ್ದಾಗ, 2025ರ ಬೇಸಿಗೆಯಲ್ಲಿ ಎಂಟನೆಯವರಾಗಿ ಟೆಕ್ಸಾಸ್ ಸ್ಟೇಟ್ ಸಿಕ್ಕಿತು. ಅದು ಇರುವ ಸ್ಯಾನ್ ಮಾರ್ಕೋಸ್ ಅಮೆರಿಕದ ಪೆಸಿಫಿಕ್ ತೀರದಿಂದ 1500 ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಆಸ್ಟಿನ್ ಮತ್ತು ಸ್ಯಾನ್ ಆಂಟೋನಿಯೊ ಎಂಬ ಎರಡು ದೊಡ್ಡ ಟೀವಿ ಮಾರುಕಟ್ಟೆಗಳ ನಟ್ಟನಡುವೆ ಇದೆ.