ಎರಡು ಬೆರಳಿನ ಬಾಯಿ

ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಬಾಯಿ ಹುಣ್ಣಿಗೆ ಬೇಕು; ಜೊತೆಗೆ ಮೊಬೈಲ್ ಟಾರ್ಚೂ ಬೇಕು. ಶ್ರೀರಾಮನಗರದ ನಮ್ಮ ಗೆಳೆಯ ನಾಲ್ಕು ತಿಂಗಳು ಎರಡನ್ನೂ ಹಿಡಿದು ನಾಲಿಗೆ ಚಾಚಿ ನಿಂತ. ಅಕ್ಕಿ ಮಿಲ್ಲಿನಲ್ಲಿ ಸೋನಾ ಮಸೂರಿಯ ಬಿಳುಪು ಅಳೆಯುವ ಕಣ್ಣು ಅವನದು. ಈಗ ಸ್ವಂತ ನಾಲಿಗೆಗೆ ದರ್ಜೆ ಕಟ್ಟುತ್ತಿತ್ತು.

ಕಾರಣ, ಅಕ್ಕಿ ಲಾರಿಯ ಜೊತೆ ಹೋಗಿದ್ದಾಗಿನ ಪರವೂರಿನ ಒಂದು ರಾತ್ರಿ. ವಿವರ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. “ನಾಲಿಗಿ ಬೆಳ್ಳಗಾಗೇತ್ರಿ. ಮಿರ್ಚಿ ತಿಂದ್ರ ಬಾಯಿ ಉರೀತೈತಿ. ಅದ ಇರಬೇಕು,” ಎಂದ. ಎಚ್‌ಐವಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೆಸರು ಹೇಳಿದರೂ ಅಂಟುತ್ತದೆ ಎಂಬುದು ನಮ್ಮ ಕಡೆಯ ವೈದ್ಯವಿಜ್ಞಾನ.

ಆ ಸೋಂಕನ್ನು ನಾಲಿಗೆ ಹೇಳುವುದಿಲ್ಲ, ರಕ್ತ ಹೇಳುತ್ತದೆ. ಆ ರಾತ್ರಿ ಕಳೆದು 72 ಗಂಟೆ ಮೀರುವ ಮೊದಲೇ ಆಸ್ಪತ್ರೆಗೆ ಹೋಗಿದ್ದರೆ, 28 ದಿನ ನುಂಗುವ ತಡೆ ಮಾತ್ರೆಯ ಬಗ್ಗೆ ಕೇಳಬಹುದಿತ್ತು. ಆ ಹೊತ್ತಿನಲ್ಲಿ ಇವನು ಹರಕೆ ಹೊತ್ತು ಅಂಜನಾದ್ರಿಯ 575 ಮೆಟ್ಟಿಲು ಹತ್ತಿದ. ಪರೀಕ್ಷಾ ಕೇಂದ್ರದ ಒಂದೇ ಹೊಸ್ತಿಲು ಮಾತ್ರ ಏರಲಾಗಲಿಲ್ಲ.

“ಪುಕ್ಕಟೆ ಪರೀಕ್ಷೆ. ಗುಟ್ಟು ಕಾಯಲು 2017ರ ಕಾಯ್ದೆಯೇ ಇದೆಯಲ್ಲೋ?”

“ಕಾಯ್ದೆ ಐತ್ರಿ. ಬಾಗಲದಾಗ ನಮ್ಮ ಮಂದಿ ಕಂಡ್ರ?”

ಅದೂ ನಿಜ. ಬಾಗಿಲಲ್ಲಿ ನಿಂತವನ ರೋಗ ಪತ್ತೆಹಚ್ಚಲು ನಮ್ಮೂರಿಗೆ ರಕ್ತವೂ ಬೇಕಿಲ್ಲ. ಹತ್ತಿರದ ಗಂಗಾವತಿ ಬೇಡವೆಂದು ಹೊಸಪೇಟೆಗೆ ಹೋದ. ಆಸ್ಪತ್ರೆ ಎದುರು ನಮ್ಮೂರಿನದೇ ಅಕ್ಕಿ ಲಾರಿ ನಿಂತಿತ್ತು. ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡೇ ಒಳಹೊಕ್ಕ.

ಮೂರು ತಿಂಗಳು ದಾಟಿದ ಮೇಲಿನ ಪರೀಕ್ಷೆ. ‘ಇಲ್ಲ’ ಎಂದರೆ ಇಲ್ಲ. ಇಲ್ಲ ಎಂದೇ ಬಂತು. ಆದರೆ ಹೇಳಿದ ಸುಳ್ಳಿಗೆ ಸಾಕ್ಷಿ ಬೇಕಲ್ಲ, ಹಲ್ಲಿನ ಡಾಕ್ಟರಿಗೂ ಬಾಯಿ ತೋರಿಸಿದ. ಮೂರು ಬೆರಳು ಹಿಡಿಯಬೇಕಾದ ಬಾಯಲ್ಲಿ ಎರಡೇ ಹಿಡಿದವು. ಉರಿ, ಬಿಗಿದ ಕೆನ್ನೆ, ಬಿಳಿಚಿದ ಒಳಚರ್ಮ ಎಲ್ಲವೂ ಅಡಿಕೆ, ತಂಬಾಕಿನ ಕೊಡುಗೆ. ಬಿಡದಿದ್ದರೆ ಕ್ಯಾನ್ಸರಿಗೂ ದಾರಿ ಎಂದರು ಡಾಕ್ಟರು.

ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಗಿದೆ. ಆದ್ದರಿಂದ ಅಂಗಡಿಯವರು ಅಡಿಕೆಯದೊಂದು, ತಂಬಾಕಿನದೊಂದು ಪಾಕೀಟು ಕೊಡುತ್ತಾರೆ. ಬೆರೆಸುವ ಅಪರಾಧ ಬಾಯಿಗೆ ಬಿಟ್ಟದ್ದು. ಅದನ್ನು ಕೊಳ್ಳುವಾಗ ಯಾರೂ ಕೆನ್ನೆ ಮುಚ್ಚಿಕೊಳ್ಳುವುದಿಲ್ಲ. ಯಾರಾದರೂ ನೋಡಿಯಾರೆಂಬ ಅಂಜಿಕೆಯೂ ಇಲ್ಲ.

ಹೊರಬಂದವನ ಮುಖ ಅರಳಿತ್ತು. “ಅದು ಅಲ್ಲಂತ್ರಿ! ಬರೇ ಕ್ಯಾನ್ಸರ್ ಆಗಬಹುದಂತ.”

“ಬಾಯಿ ಎರಡೇ ಬೆರಳು ತೆರೆಯುತ್ತದಲ್ಲೋ?”

“ಸಾಕ್ರಿ,” ಎನ್ನುತ್ತ ಜೇಬಿಗೆ ಕೈಹಾಕಿದ. “ಪಾಕೀಟೂ ಎರಡ ಅದಾವು.”